ಗುಳಿಗೆಯ ಜೊತೆಗೆ ಜನ: ಸಾಮಾಜಿಕ ಚೀಟಿ ಉತ್ತರ ಕನ್ನಡದಲ್ಲಿ ನಡೆಯಬೇಕಾದರೆ

ನಿದ್ದೆ ಬರುವುದಿಲ್ಲ, ಮೈಕೈ ನೋವು, ಊಟ ಸೇರುವುದಿಲ್ಲ, ಎದೆಯಲ್ಲಿ ಏನೋ ಸಂಕಟ. ರಕ್ತದೊತ್ತಡ ನೋಡಿದರೆ ಸರಿ ಇದೆ, ಸಕ್ಕರೆ ಸರಿ ಇದೆ, ಇಸಿಜಿಯಲ್ಲೂ ತೊಂದರೆಯಿಲ್ಲ. ವೈದ್ಯರು ಒಂದು ವಿಟಮಿನ್ ಗುಳಿಗೆ, ಒಂದು ನೋವಿನ ಗುಳಿಗೆ ಬರೆಯುತ್ತಾರೆ. ಹದಿನೈದು ದಿನ ಬಿಟ್ಟು ಅದೇ ವ್ಯಕ್ತಿ ಅದೇ ದೂರು ಹೊತ್ತು ಮತ್ತೆ ಬರುತ್ತಾರೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಆರೋಗ್ಯ ಕೇಂದ್ರಗಳಿಗೂ ಇಂಥವರು ಬರುತ್ತಾರೆ, ಕೆಳಗೆ ಕುಮಟಾ, ಅಂಕೋಲಾಕ್ಕೂ ಬರುತ್ತಾರೆ. ಕೆದಕಿದರೆ ದೂರಿನ ಹಿಂದೆ ಬೇರೇನೋ ಇರುತ್ತದೆ: ಗಂಡ ತೀರಿಕೊಂಡ ಮೇಲೆ ದಿನವಿಡೀ ಮಾತಿಲ್ಲದ ಮನೆ, ಯಾಕೆಂದು ಗೊತ್ತಾಗದೆ ನಿಂತುಹೋದ ಪಿಂಚಣಿ, ವಾರವಾರ ಕಟ್ಟಬೇಕಾದ ಸಾಲದ ಕಂತು, ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಮಾತ್ರ ಬರುವ ಮಗ.

ಇಂಥವರಿಗೆ ಔಷಧದ ಚೀಟಿಯ ಜೊತೆಗೆ ಇನ್ನೊಂದು ಚೀಟಿಯನ್ನೂ ಕೊಡುವ ಪದ್ಧತಿಗೆ ಸೋಶಿಯಲ್ ಪ್ರಿಸ್ಕ್ರೈಬಿಂಗ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಸಾಮಾಜಿಕ ಚೀಟಿ ಎಂದು ಕರೆಯೋಣ. ವೈದ್ಯರೋ ನರ್ಸೋ ಆಶಾ ಕಾರ್ಯಕರ್ತೆಯೋ ಆ ವ್ಯಕ್ತಿಯನ್ನು ಒಬ್ಬ ಕೊಂಡಿ ಕಾರ್ಯಕರ್ತರ ಬಳಿ ಕಳಿಸುತ್ತಾರೆ. ಕೊಂಡಿ ಕಾರ್ಯಕರ್ತರು ಪುರುಸೊತ್ತಿನಿಂದ ಮಾತು ಕೇಳಿ, ಊರಿನಲ್ಲೇ ಇರುವ ಯಾವ ಗುಂಪು, ಯಾವ ಸೌಲಭ್ಯ, ಯಾವ ಕೆಲಸ ಇವರಿಗೆ ಹೊಂದುತ್ತದೆ ಎಂದು ಅವರ ಜೊತೆಗೇ ಕೂತು ಗೊತ್ತುಮಾಡುತ್ತಾರೆ. ಆಮೇಲೆ ಅಲ್ಲಿಗೆ ತಲುಪಿಸುತ್ತಾರೆ. ಈ ಕೊನೆಯ ಮಾತೇ ಮುಖ್ಯ. ‘ಭಜನೆಗೆ ಹೋಗಿ’, ‘ನಾಲ್ಕು ಜನರ ಜೊತೆ ಬೆರೆಯಿರಿ’ ಎಂಬ ಬುದ್ಧಿಮಾತನ್ನು ನಮ್ಮ ವೈದ್ಯರು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದಾರೆ. ಹೇಳಿದ್ದಕ್ಕೂ ಹೋಗುವುದಕ್ಕೂ ನಡುವೆ ಇರುವ ಹಳ್ಳವನ್ನು ದಾಟಿಸುವವರು ಇರಲಿಲ್ಲ. ಎಷ್ಟು ಚೆಂದದ ಚಟುವಟಿಕೆ ಇದ್ದರೂ ಮೊದಲ ದಿನ ಜೊತೆಗೆ ಬಸ್ ಹತ್ತುವ ಒಬ್ಬರು ಇಲ್ಲದಿದ್ದರೆ ಈ ಪದ್ಧತಿ ನಡೆಯುವುದಿಲ್ಲ.

ಇದು ಬೆಳೆದದ್ದು ಬ್ರಿಟನ್ನಿನಲ್ಲಿ. ಪೂರ್ವ ಲಂಡನ್ನಿನ ಬಡ ಬಡಾವಣೆಯೊಂದರಲ್ಲಿ 1984ರಲ್ಲಿ ಶುರುವಾದ ಬ್ರಾಮ್ಲಿ ಬೈ ಬೋ ಕೇಂದ್ರದಲ್ಲಿ ಮುಂದೆ ದವಾಖಾನೆ, ಕಲೆ, ಕೆಲಸದ ತರಬೇತಿ, ಸಾಲದ ಸಲಹೆ ಎಲ್ಲವೂ ಒಂದೇ ಆವರಣಕ್ಕೆ ಬಂದವು. 2019ರ ಜನವರಿಯಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತನ್ನ ದೀರ್ಘಾವಧಿ ಯೋಜನೆಯಲ್ಲಿ ಸಾವಿರಕ್ಕೂ ಹೆಚ್ಚು ಕೊಂಡಿ ಕಾರ್ಯಕರ್ತರನ್ನು ಸಂಬಳ ಕೊಟ್ಟು ನೇಮಿಸುವುದಾಗಿ ಘೋಷಿಸಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಶ್ಚಿಮ ಪೆಸಿಫಿಕ್ ಕಚೇರಿ ಇದನ್ನು ಜಾರಿ ಮಾಡುವುದು ಹೇಗೆಂಬ ಕೈಪಿಡಿಯನ್ನೇ ತಂದಿತು.

ಕೆಲಸ ಮಾಡುತ್ತದೆಯೇ? ಒಂಟಿತನ ಆರೋಗ್ಯ ಕೆಡಿಸುತ್ತದೆ ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ. 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 148 ಅಧ್ಯಯನಗಳ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಒಳ್ಳೆಯ ಸಾಮಾಜಿಕ ನಂಟು ಇದ್ದವರು ಬದುಕುಳಿಯುವ ಸಂಭವ ಶೇ 50ರಷ್ಟು ಹೆಚ್ಚು ಎಂದು ಕಂಡಿತು. ಆದರೆ ‘ಚೀಟಿ’ಯಿಂದ ಆ ನಂಟು ಮತ್ತೆ ಕಟ್ಟಿಕೊಳ್ಳುತ್ತದೆಯೇ ಎಂಬುದರ ಸಾಕ್ಷ್ಯ ಅಷ್ಟು ಗಟ್ಟಿಯಿಲ್ಲ. ಬ್ರಿಟನ್ನಿನ ಹೆಚ್ಚಿನ ಮೌಲ್ಯಮಾಪನಗಳು ಚಿಕ್ಕವು. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದವು. ನಡುವೆ ಬಿಟ್ಟುಹೋದವರ ಲೆಕ್ಕ ಸರಿಯಾಗಿ ಇಡದವು. ಹೋದವರಿಗೆ ನೆಮ್ಮದಿ ಹೆಚ್ಚಿದೆ ಎಂದು ಅವು ಹೇಳುತ್ತವೆ. ಆಸ್ಪತ್ರೆಯ ಖರ್ಚು ಇಳಿಯಿತು ಎಂಬ ಮಾತನ್ನು ಮಾತ್ರ ಎಚ್ಚರದಿಂದಲೇ ಕೇಳಬೇಕು. ಖರ್ಚು ಉಳಿಸುತ್ತೇವೆಂದು ಹೇಳಿ ಇದನ್ನು ತರುವುದು ತಪ್ಪು, ಅದು ಮೊದಲ ವರ್ಷವೇ ಯೋಜನೆಯ ಕುತ್ತಿಗೆಗೆ ಬರುತ್ತದೆ.

ನಮಗೆ ಹೆಚ್ಚು ಹತ್ತಿರದ ಸಾಕ್ಷ್ಯ ಕಾರವಾರದ ಗಡಿಯಾಚೆ ಇದೆ. ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ ನಡೆಸಿ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಅದು. ಮನೋವೈದ್ಯದಲ್ಲಿ ಯಾವ ಪದವಿಯೂ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ 6ರಿಂದ 8 ಸಲ ಮಾತಾಡಿಸಿದರು. ಬಿಟ್ಟುಬಿಟ್ಟಿದ್ದ ಕೆಲಸ, ಭೇಟಿ, ಹವ್ಯಾಸಗಳನ್ನು ಒಂದೊಂದಾಗಿ ಮತ್ತೆ ಹಿಡಿಸುವುದೇ ಆ ಮಾತುಕತೆಯ ತಿರುಳು. ಮೂರು ತಿಂಗಳಿಗೆ ಹೀಗೆ ನೆರವು ಪಡೆದವರಲ್ಲಿ ಶೇ 64 ಮಂದಿಯ ಖಿನ್ನತೆ ಇಳಿದಿತ್ತು, ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ 39. ಅದು ಸಾಮಾಜಿಕ ಚೀಟಿಯ ಪ್ರಯೋಗವಲ್ಲ, ಆದರೆ ಊರಿನವರೇ ಆದ ಒಬ್ಬರು, ಅದೇ ಕೊಂಕಣಿಯಲ್ಲಿ, ಅದೇ ಆರೋಗ್ಯ ಕೇಂದ್ರದ ಜಗುಲಿಯಲ್ಲಿ ಈ ಕೆಲಸ ಮಾಡಬಲ್ಲರು ಎಂದು ತೋರಿಸಿತು. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ‘ಆತ್ಮೀಯತಾ’ ಯೋಜನೆ ಸಾಮಾಜಿಕ ಚೀಟಿಗೆ ಇನ್ನೂ ಹತ್ತಿರದ್ದು. ಅಲ್ಲಿ ಹಳ್ಳಿಯ ಸ್ವಯಂಸೇವಕರು ಸಂಕಟದಲ್ಲಿರುವವರ ಮಾತು ಕೇಳುವುದರ ಜೊತೆಗೇ ಸರ್ಕಾರಿ ಸೌಲಭ್ಯಗಳ ಅರ್ಜಿಯನ್ನೂ ಹಾಕಿಸುತ್ತಾರೆ.

ಯಾರು ಕೊಂಡಿ?

ಇಂಗ್ಲೆಂಡಿನಲ್ಲಿ ಪೂರ್ಣಾವಧಿಯ ಒಬ್ಬ ಕಾರ್ಯಕರ್ತರಿಗೆ ವರ್ಷಕ್ಕೆ ಹೆಚ್ಚೆಂದರೆ 250 ಜನ ಎಂಬ ಲೆಕ್ಕವಿದೆ. ಜೋಯಿಡಾದಲ್ಲೋ ಯಲ್ಲಾಪುರದಲ್ಲೋ ಅದು ಆಗದ ಮಾತು. ಅಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಕಾಡು, ಹಳ್ಳ. ಅರ್ಧ ದಿನಕ್ಕೆ ಎರಡು ಮನೆ ನೋಡಿದರೆ ಹೆಚ್ಚು. ಒಂದು ಗ್ರಾಮ ಪಂಚಾಯ್ತಿಯಲ್ಲಿ ಅರೆಕಾಲಿಕ ಒಬ್ಬರು ಒಂದೇ ಹೊತ್ತಿಗೆ 15ರಿಂದ 20 ಜನರ ಬೆನ್ನಿಗೆ ನಿಂತರೆ ಅದೇ ದೊಡ್ಡ ಕೆಲಸ.

ಎಲ್ಲರ ಕಣ್ಣೂ ಮೊದಲು ಬೀಳುವುದು ಆಶಾ ಕಾರ್ಯಕರ್ತೆಯ ಮೇಲೆ. ಸಾವಿರ ಜನಕ್ಕೊಬ್ಬರಂತೆ ಇರುವ ಅವರಿಗೆ ಯಾವ ಮನೆಯಲ್ಲಿ ಯಾರು ಎಂದು ನಿಜವಾಗಿಯೂ ಗೊತ್ತು. ಆದರೆ ಅವರ ದುಡಿಮೆ ಪ್ರೋತ್ಸಾಹಧನದ ಲೆಕ್ಕದಲ್ಲಿ ನಡೆಯುತ್ತದೆ: ಗರ್ಭಿಣಿಯರು, ಲಸಿಕೆ, ಸಮೀಕ್ಷೆ, ಕ್ಷಯರೋಗ. ಲೆಕ್ಕದಲ್ಲಿಲ್ಲದ ಕೆಲಸವನ್ನು ಪುಕ್ಕಟೆ ಹೇರಿದರೆ ಅದು ರಿಜಿಸ್ಟರಿನಲ್ಲಿ ಮಾತ್ರ ನಡೆಯುತ್ತದೆ. ಆಶಾ ಗುರುತಿಸಿ ಕಳಿಸುವವರಾಗಿರಲಿ. ಕೊಂಡಿಯ ಕೆಲಸಕ್ಕೆ ಗೌರವಧನ ಕೊಟ್ಟು ಬೇರೆಯವರನ್ನು ಇಡಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೆ ಹೊಂದುವ ಜನ ಈಗಾಗಲೇ ಪಂಚಾಯ್ತಿ ಮಟ್ಟದಲ್ಲಿದ್ದಾರೆ. ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಸಖಿಯರು, ‘ಅರಿವು ಕೇಂದ್ರ’ ಎಂದು ಹೆಸರು ಬದಲಾದ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕರು. ಇವರಲ್ಲಿ ಯಾರು ಎಂಬುದು ಹುದ್ದೆಗಿಂತ ಸ್ವಭಾವ ನೋಡಿ ತೀರ್ಮಾನವಾಗಬೇಕು. ಎರಡು ನಿಮಿಷ ಸುಮ್ಮನೆ ಕೂತು ಇನ್ನೊಬ್ಬರ ಮಾತು ಕೇಳಲು ಬಾರದವರಿಗೆ ಎಷ್ಟು ತರಬೇತಿ ಕೊಟ್ಟರೂ ಪ್ರಯೋಜನವಿಲ್ಲ.

ಭಾಷೆಯೂ ನೋಡಬೇಕು. ಕಾರವಾರದ ಮೀನುಗಾರರ ಕೇರಿಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಅಂಕೋಲೆಯ ಹಾಲಕ್ಕಿ ಕೊಪ್ಪಗಳಲ್ಲಿ ಅವರದೇ ಕನ್ನಡ, ಶಿರಸಿಯ ತೋಟದ ಮನೆಗಳಲ್ಲಿ ಹವಿಗನ್ನಡ. ಸಂಕಟವನ್ನು ಜನ ಮನೆಮಾತಿನಲ್ಲೇ ಹೇಳಿಕೊಳ್ಳುತ್ತಾರೆ. ಕಚೇರಿಯ ಕನ್ನಡದಲ್ಲಿ ಕೇಳಿದರೆ ಕಚೇರಿಗೆ ಕೊಡುವ ಉತ್ತರವೇ ಬರುತ್ತದೆ.

ಊರಿನ ದಾಖಲೆ ಪುಸ್ತಕ

ಕೆಲಸ ಶುರುವಾಗುವುದು ರೋಗಿಯಿಂದಲ್ಲ, ಒಂದು ನೋಟ್‌ಬುಕ್ಕಿನಿಂದ. ಊರಿನಲ್ಲಿ ಜನ ಸೇರುವ ಜಾಗಗಳನ್ನೆಲ್ಲ ನಡೆದು ನೋಡಿ ಬರೆಯಬೇಕು. ಭಜನಾ ಮಂಡಳಿ, ಗುಮಟೆ ಪಾಂಗಿನ ತಂಡ, ತಾಳಮದ್ದಲೆ ಕೂಟ, ಮಹಿಳಾ ಸಂಘ, ಹಾಲಿನ ಡೇರಿ, ಅಂಗನವಾಡಿ, ಅರಿವು ಕೇಂದ್ರ, ಸೊಸೈಟಿಯ ಕಟ್ಟೆ, ಮೀನು ಒಣಗಿಸುವ ಬಯಲು. ಹೆಸರು ಬರೆದರೆ ಸಾಲದು. ‘ಮಹಿಳಾ ಭಜನಾ ಮಂಡಳಿ, ಶನಿವಾರ ಸಂಜೆ 4ರಿಂದ 6. ಸಮುದಾಯ ಭವನ, ಐದು ಮೆಟ್ಟಿಲು, ಹಿಡಿಕೆ ಇಲ್ಲ. ಶೌಚಾಲಯ ಇದೆ, ಬೀಗದ ಕೈ ಎದುರು ಮನೆಯಲ್ಲಿ. ಸಾಮಾನ್ಯವಾಗಿ ಎಂಟು ಜನ. ಮರಳುವ ಕೊನೆಯ ಬಸ್ 6.15ಕ್ಕೆ. ಜೂನ್‌ನಿಂದ ಆಗಸ್ಟ್‌ವರೆಗೆ ನಡೆಯುವುದಿಲ್ಲ. ಹೊಸಬರು ಬಂದರೆ ಪಕ್ಕದಲ್ಲಿ ಕೂರಿಸಿಕೊಳ್ಳುವವರು: ಹಾರ್ಮೋನಿಯಂ ಬಾರಿಸುವವರ ಅತ್ತಿಗೆ.’ ಒಂದು ನಮೂದು ಹೀಗಿದ್ದರೆ ಉಪಯೋಗಕ್ಕೆ ಬರುತ್ತದೆ. ಮಂಡಿನೋವಿನ ಹೆಂಗಸಿಗೆ ಐದು ಮೆಟ್ಟಿಲು ದೊಡ್ಡ ಸಂಗತಿ. ಪದೇಪದೇ ಮೂತ್ರಕ್ಕೆ ಹೋಗಬೇಕಾದ ಸಕ್ಕರೆ ಕಾಯಿಲೆಯವರಿಗೆ ಬೀಗದ ಕೈ ಎಲ್ಲಿದೆ ಎಂಬುದು ಅದಕ್ಕಿಂತ ದೊಡ್ಡದು. ಇದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ‘ಆಸಕ್ತಿ ಇಲ್ಲ’ ಎಂದು ಹೇಳಿ ಮನೆಯಲ್ಲೇ ಉಳಿಯುತ್ತಾರೆ.

ಪುಸ್ತಕವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ನಿಂತುಹೋದ ಗುಂಪಿಗೆ ಒಬ್ಬರನ್ನು ಕಳಿಸಿ, ಅವರು ಮುಚ್ಚಿದ ಬಾಗಿಲು ನೋಡಿ ವಾಪಸಾದರೆ ಅವರನ್ನು ಎರಡನೇ ಸಲ ಹೊರಡಿಸುವುದು ಬಹಳ ಕಷ್ಟ.

ಬ್ರಿಟನ್ನಿನಲ್ಲಿ ಜನಪ್ರಿಯವಾದ ‘ಹಸಿರು ಚೀಟಿ’, ಅಂದರೆ ಗುಂಪಾಗಿ ಕಾಡಿನಲ್ಲಿ ನಡೆಯುವುದು, ತೋಟಗಾರಿಕೆ ಮುಂತಾದವನ್ನು ಇಲ್ಲಿಗೆ ಹಾಗೇ ತರಬಾರದು. ಸಿದ್ದಾಪುರ ಮತ್ತು ಸುತ್ತಲಿನ ಕಾಡಂಚಿನಲ್ಲಿ ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಭಯವಿದೆ. ಓಡಾಡಲು ಹವೆ ಚೆನ್ನಾಗಿರುವ ತಿಂಗಳುಗಳೂ ಅವೇ. ಅಲ್ಲದೆ ದಿನವಿಡೀ ಗದ್ದೆ ತೋಟದಲ್ಲೇ ಬಗ್ಗಿ ದುಡಿದವರಿಗೆ ಮತ್ತೆ ಗಿಡ ನೆಡಿ ಎನ್ನುವುದರಲ್ಲಿ ಅರ್ಥವೂ ಇಲ್ಲ. ಬದಲಿಗೆ ಘಟ್ಟದ ಮೇಲೆ ಅಡಿಕೆ ಸುಲಿಯುವ ಕಾಲವಿದೆ. ಕೊಯ್ಲು ಶುರುವಾದ ಮೇಲೆ ರಾತ್ರಿ ಹೊತ್ತು ಹತ್ತಾರು ಜನ ಒಂದು ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ, ಕೈ ಸುಲಿಯುತ್ತಿರುತ್ತದೆ, ಬಾಯಿ ಮಾತಾಡುತ್ತಿರುತ್ತದೆ, ಸುಲಿದಷ್ಟಕ್ಕೆ ದುಡ್ಡೂ ಸಿಗುತ್ತದೆ. ಸಂಕೋಚದ ಮನುಷ್ಯರಿಗೆ ಮುಖಕ್ಕೆ ಮುಖ ಕೊಟ್ಟು ಕೂರುವ ಸಭೆಗಿಂತ ಕೈಯಲ್ಲಿ ಕೆಲಸವಿರುವ ಕೂಟ ಸಲೀಸು. ಇಂಥ ಜಾಗ ಪುಸ್ತಕದಲ್ಲಿ ಮೊದಲು ಬರಬೇಕು.

ಮೊದಲ ಮಾತುಕತೆ

ಇದಕ್ಕೆ ಒಂದು ಗಂಟೆ ಬೇಕು. ಜಾಗ ಅವರು ಹೇಳಿದ್ದು. ಮನೆಯವರೆಲ್ಲ ಸುತ್ತ ಕೂತಿದ್ದರೆ ಆ ದಿನ ಕುಶಲ ಮಾತಾಡಿ ಎದ್ದು ಬಂದು ಇನ್ನೊಮ್ಮೆ ಹೋಗುವುದೇ ವಾಸಿ. ‘ನಿಮಗೇನು ತೊಂದರೆ?’ ಎಂದು ಶುರು ಮಾಡಿದರೆ ಮಂಡಿನೋವಿನ ಕಥೆ ಬರುತ್ತದೆ, ಇಲ್ಲವೇ ‘ಎಂತ ಇಲ್ಲೆ, ಅಡ್ಡಿಲ್ಲೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹಳೆಯದರಿಂದ ಶುರು ಮಾಡಬೇಕು. ಮೊದಲೆಲ್ಲ ಸಂಜೆ ಹೊತ್ತು ಏನು ಮಾಡುತ್ತಿದ್ದಿರಿ? ಅದು ನಿಂತದ್ದು ಯಾವಾಗ? ಕಳೆದ ವಾರ ಯಾರ ಜೊತೆ ಹತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಿದಿರಿ? ರಾತ್ರಿ ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡುತ್ತೀರಿ? ಈ ಕೊನೆಯ ಪ್ರಶ್ನೆಗೆ ಉತ್ತರ ಬಾರದೆ ಸುಮ್ಮನಾದರೆ ಅದನ್ನೇ ಬರೆದುಕೊಳ್ಳಬೇಕು.

ಅಳತೆಗಾಗಿ ಚಿಕ್ಕ ಪ್ರಶ್ನಾವಳಿಗಳಿವೆ. ಒಂಟಿತನಕ್ಕೆ ಮೂರು ಪ್ರಶ್ನೆ ಸಾಕು: ಜೊತೆಗೆ ಯಾರೂ ಇಲ್ಲ ಅನಿಸುವುದು ಎಷ್ಟು ಸಲ, ನನ್ನನ್ನು ಕೈಬಿಟ್ಟಿದ್ದಾರೆ ಅನಿಸುವುದು ಎಷ್ಟು ಸಲ, ಎಲ್ಲರಿಂದ ದೂರವಾಗಿದ್ದೇನೆ ಅನಿಸುವುದು ಎಷ್ಟು ಸಲ. ಅಪರೂಪಕ್ಕೆ ಅಂದರೆ 1, ಕೆಲವೊಮ್ಮೆ 2, ಆಗಾಗ 3. ಒಟ್ಟು 6 ಅಥವಾ ಹೆಚ್ಚಾದರೆ ಒಂಟಿತನ ಇದೆ ಎಂದು ಲೆಕ್ಕ. ಖಿನ್ನತೆಗೆ ಎರಡು ಪ್ರಶ್ನೆ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಯಿತೇ, ಮನಸ್ಸು ಕುಗ್ಗಿ ಹತಾಶೆ ಆಯಿತೇ. ಪ್ರತಿಯೊಂದಕ್ಕೂ 0ಯಿಂದ 3. ಮೊತ್ತ 3 ಮುಟ್ಟಿದರೆ ವೈದ್ಯರು ವಿವರವಾಗಿ ನೋಡಲೇಬೇಕು. ಇವನ್ನು ಮಾತಿನ ಕೊನೆಗೆ ಕೇಳುವುದು ಒಳ್ಳೆಯದು. ಮೊದಲಿಗೇ ಫಾರಂ ತೆಗೆದರೆ ಜನಕ್ಕೆ ಇದು ಇನ್ನೊಂದು ಸಮೀಕ್ಷೆ ಅನಿಸುತ್ತದೆ.

ದುಡ್ಡು, ಕಾಗದ, ಕಣ್ಣು, ಕಿವಿ

ಊಟಕ್ಕೇ ತೊಂದರೆ ಇರುವವರನ್ನು ಹಾಡಿನ ಗುಂಪಿಗೆ ಕಳಿಸುವುದು ಅವಮಾನ ಮಾಡಿದಂತೆ. ಮೊದಲು ಕಾಗದದ ಕೆಲಸ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ. ವಿಧವಾ ವೇತನ, ಅಂಗವಿಕಲರ ಮಾಸಾಶನ ಬೇರೆ. ಗೃಹಲಕ್ಷ್ಮಿಯ 2,000 ಬೇರೆ. ಅರ್ಜಿ ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಹಾಕಬೇಕು. ಸಿಗುತ್ತಿದ್ದ ಹಣ ನಿಲ್ಲುವ ಕಾರಣಗಳು ಹೆಚ್ಚಾಗಿ ಚಿಕ್ಕವು: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿರುವುದು, ರೇಷನ್ ಕಾರ್ಡಿನಲ್ಲಿ ಒಂದು ಹೆಸರು ಆಧಾರಿನಲ್ಲಿ ಇನ್ನೊಂದು, ವರ್ಷಗಟ್ಟಲೆ ದುಡಿದು ಸವೆದ ಬೆರಳಿನ ಅಚ್ಚು ಯಂತ್ರಕ್ಕೆ ಸಿಗದಿರುವುದು. ಒಂದು ದಿನ ಜೊತೆಗೆ ಬ್ಯಾಂಕಿಗೆ ಹೋಗಿ ಬಂದರೆ ಬಗೆಹರಿಯುವ ಇಂಥ ಸಂಗತಿ ತಿಂಗಳುಗಟ್ಟಲೆ ನಿದ್ದೆ ಕೆಡಿಸಿರುತ್ತದೆ. ನಿಂತಿದ್ದ ಪಿಂಚಣಿ ಮತ್ತೆ ಬಂದ ದಿನ ಕೊಂಡಿ ಕಾರ್ಯಕರ್ತರ ಮಾತಿಗೆ ಬೆಲೆಯೂ ಬರುತ್ತದೆ.

ಆಮೇಲೆ ದೇಹ. ‘ಯಾರ ಜೊತೆಗೂ ಸೇರುವುದಿಲ್ಲ’ ಎಂದು ಮನೆಯವರು ದೂರುವ ಅಜ್ಜನಿಗೆ ಕಿವಿ ಕೇಳುತ್ತಿರುವುದಿಲ್ಲ. ಅಜ್ಜಿ ಸಂಜೆ ಹೊರಗೆ ಬಾರದಿರುವುದು ಕಣ್ಣಿನ ಪೊರೆಯಿಂದ. ಸುಸ್ತು, ಬೇಸರ ಎನ್ನುವವರಲ್ಲಿ ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ ಇವೆಯೇ ಎಂದು ನೋಡದೆ ಸಾಮಾಜಿಕ ಚೀಟಿ ಬರೆಯಬಾರದು. ವೈದ್ಯರ ಕೆಲಸವನ್ನು ಕಡಿಮೆ ಮಾಡುವ ಅಡ್ಡದಾರಿಯಾಗಿ ಇದನ್ನು ಬಳಸಿದ ಕಡೆಯೆಲ್ಲ ಕಾಯಿಲೆ ಮುಚ್ಚಿಹೋಗುವ ಅಪಾಯವಿದೆ.

ಬಸ್ಸಿನಲ್ಲಿ ಜೊತೆಗೆ

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಸಾಮಾಜಿಕ ಚೀಟಿಯ ಮಟ್ಟಿಗೆ ಇದು ನಮ್ಮ ರಾಜ್ಯಕ್ಕಿರುವ ದೊಡ್ಡ ಅನುಕೂಲ. ಬೇರೆ ದೇಶಗಳಲ್ಲಿ ಪ್ರಯಾಣದ ಖರ್ಚಿಗೇ ಯೋಜನೆ ಎಡವುವುದುಂಟು. ಗಂಡಸರಿಗೆ 60 ದಾಟಿದ್ದರೆ ಶೇ 25 ರಿಯಾಯಿತಿ ಇದೆ, ಗುರುತಿನ ಚೀಟಿ ಬೇಕು. ಆದರೆ ದಿನಕ್ಕೆ ಎರಡೇ ಬಸ್ ಬರುವ ಊರಿನಲ್ಲಿ ಉಚಿತ ಟಿಕೆಟ್ಟಿನಿಂದ ಅರ್ಧ ಸಮಸ್ಯೆಯಷ್ಟೇ ತೀರುತ್ತದೆ. ಗುಂಪಿನ ಹೊತ್ತನ್ನೇ ಬಸ್ಸಿನ ಹೊತ್ತಿಗೆ ಹೊಂದಿಸುವುದು ಉಳಿದ ಅರ್ಧ.

ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡೋಣ. ಸಿದ್ದಾಪುರದ ಕಡೆಯ ತೋಟದ ಮನೆ, 70 ದಾಟಿದ ಹೆಂಗಸು, ಗಂಡ ಹೋಗಿ ಎರಡು ವರ್ಷ. ಮೊದಲು ಹಾಡು ಹಸೆಗೆ ನಾಲ್ಕೂರಿನವರು ಕರೆಯುತ್ತಿದ್ದರು. ಮೊದಲ ವಾರ ಕೊಂಡಿ ಕಾರ್ಯಕರ್ತೆ ಮನೆಗೆ ಹೋಗಿ ಮಾತಾಡುತ್ತಾರೆ, ಹಳೆಯ ಹಾಡಿನ ಪುಸ್ತಕ ತೆಗೆಸುತ್ತಾರೆ, ಅಷ್ಟೇ. ಎರಡನೇ ವಾರ ಭಜನಾ ಮಂಡಳಿಯ ಒಬ್ಬರು ಇವರ ಮನೆಗೇ ಬಂದು ಒಂದು ಹಾಡು ಬರೆದುಕೊಂಡು ಹೋಗುತ್ತಾರೆ. ಮೂರನೇ ವಾರ ಕಾರ್ಯಕರ್ತೆ ಮನೆಬಾಗಿಲಿನಿಂದ ಜೊತೆಗೆ ಹೊರಟು, ಬಸ್ ಹತ್ತಿಸಿ, ಗುಂಪಿನಲ್ಲಿ ಪಕ್ಕದಲ್ಲೇ ಕೂತು, ವಾಪಸು ಬಿಟ್ಟು ಬರುತ್ತಾರೆ. ಇರುವುದು ಅರ್ಧ ಗಂಟೆ ಮಾತ್ರ, ಮುಂಚೆಯೇ ಹಾಗೆ ಮಾತಾಗಿರುತ್ತದೆ. ನಾಲ್ಕನೇ ವಾರ ಬಸ್‌ಸ್ಟಾಪಿನಲ್ಲಿ ಸಿಗುತ್ತಾರೆ. ಐದನೇ ವಾರ ಫೋನ್ ಮಾತ್ರ. ಇಲ್ಲಿ ಎರಡನೇ ವಾರದ ಭೇಟಿಯನ್ನು ಗಮನಿಸಬೇಕು. ಆಕೆ ಗುಂಪಿಗೆ ಹೋಗುವುದು ನೆರವು ಪಡೆಯುವವರಾಗಿ ಅಲ್ಲ, ಹಾಡು ಗೊತ್ತಿರುವವರಾಗಿ. ತನ್ನಿಂದ ಯಾರಿಗೋ ಏನೋ ಆಗಬೇಕಾಗಿದೆ ಎಂಬುದು ಜನರನ್ನು ಮನೆಯಿಂದ ಹೊರಡಿಸುವಷ್ಟು ಬೇರೇನೂ ಹೊರಡಿಸುವುದಿಲ್ಲ. ಹಾಲಕ್ಕಿ ಹಾಡುಗಳಿಗೆ ಹೆಸರಾಗಿ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು ಅಂಕೋಲೆಯಲ್ಲಿ ಸಾರಾಯಿಯ ವಿರುದ್ಧವೂ ಹೋರಾಡಿದವರು. ನೆರವು ಬೇಕಾದವರೆಂದು ನಾವು ಗುರುತು ಹಾಕುವ ಸಮುದಾಯಗಳೊಳಗೇ ಇಂಥ ಶಕ್ತಿ ಇರುತ್ತದೆ, ಪುಸ್ತಕದಲ್ಲಿ ಅವರ ಹೆಸರನ್ನು ನೆರವು ಕೊಡುವವರ ಸಾಲಿನಲ್ಲಿ ಬರೆಯಬೇಕು.

ಎಲ್ಲಿ ಕೆಡುತ್ತದೆ

ಮಹಿಳಾ ಸಂಘಕ್ಕೆ ಸೇರಿಸಿ ಎಂಬುದು ಎಲ್ಲರ ಬಾಯಲ್ಲೂ ಬರುವ ಪರಿಹಾರ. ಆದರೆ ಆ ಹೆಂಗಸು ಅದೇ ಸಂಘದ ಸಾಲದ ಕಂತು ಕಟ್ಟಲಾಗದೆ ಒದ್ದಾಡುತ್ತಿದ್ದರೆ? ವಾರದ ಸಭೆಯೇ ಅವರ ಎದೆಬಡಿತದ ಮೂಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದನ್ನು ನೆನಪಿಡಬೇಕು. ಸಾಲದ ಮಾತು ಮೊದಲೇ ಕೇಳಿ, ಸಾಲವಿಲ್ಲದ ಕೂಟವೊಂದನ್ನು ಹುಡುಕಬೇಕು.

ಜಾತಿ ಇನ್ನೊಂದು. ದೇವಸ್ಥಾನದ ಸಭಾಂಗಣ ‘ಎಲ್ಲರಿಗೂ ತೆರೆದಿದೆ’ ಎಂದು ಆಡಳಿತದವರು ಹೇಳಬಹುದು. ಯಾರು ಎಲ್ಲಿ ಕೂರುತ್ತಾರೆ, ಯಾರಿಗೆ ಯಾವ ಲೋಟದಲ್ಲಿ ಚಹಾ ಎಂಬುದನ್ನು ಒಂದು ಸಲ ಹೋಗಿ ಕೂತೇ ನೋಡಬೇಕು. ಸಿದ್ದಿ, ಹಾಲಕ್ಕಿ, ಗೌಳಿ, ದಲಿತ ಕುಟುಂಬದವರನ್ನು ಅಂಥಲ್ಲಿಗೆ ಕಳಿಸಿ ಅವರು ಮುಖ ಸಣ್ಣದು ಮಾಡಿಕೊಂಡು ಬಂದರೆ ಆ ಗಾಯಕ್ಕೆ ನಾವೇ ಹೊಣೆ. ಅರಿವು ಕೇಂದ್ರ, ಶಾಲೆ, ಅಂಗನವಾಡಿಯಂಥ ಸರ್ಕಾರಿ ಜಾಗಗಳು ಈ ವಿಚಾರದಲ್ಲಿ ಮೇಲು.

ಗುಟ್ಟು ಉಳಿಯದಿರುವುದು ಮೂರನೆಯದು. ಚಿಕ್ಕ ಊರಿನಲ್ಲಿ ಕೊಂಡಿ ಕಾರ್ಯಕರ್ತರು ಯಾರದೋ ನೆಂಟರು. ‘ಅವರ ಮನೆಗೆ ಹೋಗಿದ್ದರಂತೆ, ತಲೆ ಸರಿ ಇಲ್ಲವಂತೆ’ ಎಂಬ ಮಾತು ಒಂದು ಸಲ ಹಬ್ಬಿದರೆ ಇಡೀ ಪಂಚಾಯ್ತಿಯಲ್ಲಿ ಯೋಜನೆಗೆ ಬಾಗಿಲು ಮುಚ್ಚಿತು. ಒಪ್ಪಿಗೆ ಇಲ್ಲದೆ ಯಾರ ಹೆಸರನ್ನೂ ಯಾವ ಗುಂಪಿಗೂ ಹೇಳಬಾರದು, ವಾಟ್ಸ್ಆ್ಯಪ್‌ನಲ್ಲಿ ಹೆಸರು ಹಾಕಬಾರದು, ಗುಂಪಿನವರಿಗೆ ಕಾಯಿಲೆಯ ವಿವರ ಬೇಕಾಗಿಯೂ ಇಲ್ಲ. ಊರಿನವರ ಬಳಿ ಹೇಳಿಕೊಳ್ಳಲು ಮನಸ್ಸಿಲ್ಲದವರಿಗೆ ಪಕ್ಕದ ಪಂಚಾಯ್ತಿಯ ಕಾರ್ಯಕರ್ತರನ್ನು ಕೇಳುವ ಅವಕಾಶ ಇರಬೇಕು.

ಕಾರವಾರ ತಾಲ್ಲೂಕಿನಲ್ಲಿ ಇನ್ನೊಂದು ಬಗೆಯ ಕಷ್ಟವಿದೆ. ಸೀಬರ್ಡ್ ನೌಕಾನೆಲೆಗಾಗಿ ಎದ್ದುಹೋದ ಊರುಗಳವರು ತೋಡೂರು, ಅಮದಳ್ಳಿ, ಮುದಗಾ ಕಡೆಯ ಪುನರ್ವಸತಿ ಕಾಲೊನಿಗಳಲ್ಲಿದ್ದಾರೆ. ಮನೆ ಸಾಲಾಗಿವೆ, ಆದರೆ ಹಳೆಯ ಊರಿನ ನೆರೆಹೊರೆ ಅದೇ ಸಾಲಿನಲ್ಲಿ ಕೂತಿಲ್ಲ. ಇಂಥಲ್ಲಿ ಹೊಸ ಗುಂಪು ಕಟ್ಟುವುದಕ್ಕಿಂತ ಹಳೆಯ ಊರಿನ ದೇವರ ಕೆಲಸ, ಹಬ್ಬದ ಹೊಣೆ, ಹಳೆಯ ಗೆಳೆತನಗಳ ಎಳೆ ಹಿಡಿಯುವುದು ಬೇಗ ಫಲ ಕೊಡುತ್ತದೆ.

ಗಂಡಸರು ಬರುವುದಿಲ್ಲ ಎಂಬ ದೂರು ಎಲ್ಲ ಕಡೆಯೂ ಇದೆ. ‘ಮನಸ್ಸಿನ ನೆಮ್ಮದಿಯ ಕೂಟ’ ಎಂದು ಕರೆದರೆ ಬರುವುದಿಲ್ಲ. ಬಲೆ ಹೆಣೆಯಲು, ದೋಣಿಯ ಎಂಜಿನ್ ಬಿಚ್ಚಲು, ಯಕ್ಷಗಾನದ ಚೌಕಿ ಕಟ್ಟಲು ಕರೆದರೆ ಬರುತ್ತಾರೆ.

ಚೀಟಿ ಬರೆಯಬಾರದವರು

ಸಾಯಬೇಕು ಅನಿಸುತ್ತಿದೆ ಎಂದವರನ್ನು ಗುಂಪಿಗೆ ಕಳಿಸುವಂತಿಲ್ಲ. ಹಾಗೆ ಅನಿಸುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಕೇಳಲೇಬೇಕು. ಅವರನ್ನು ಒಬ್ಬರೇ ಬಿಡದೆ, ಕೀಟನಾಶಕವನ್ನು ಕೈಗೆ ಸಿಗದಂತೆ ತೆಗೆದಿಟ್ಟು, ಅದೇ ದಿನ ವೈದ್ಯರ ಬಳಿ ಮುಟ್ಟಿಸಬೇಕು. ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮವಾದ ‘ಮನೋಚೈತನ್ಯ’ದ ಮಂಗಳವಾರದ ಕ್ಲಿನಿಕ್ ಇದೆ, ಹೊರಡುವ ಮುಂಚೆ ಆ ವಾರ ಮನೋವೈದ್ಯರು ಬರುತ್ತಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕಿವಿಯಲ್ಲಿ ಮಾತು ಕೇಳುತ್ತದೆ ಎನ್ನುವವರು, ಏಕಾಏಕಿ ದಿಕ್ಕು ತಪ್ಪಿದಂತೆ ಆಡುವ ವೃದ್ಧರು, ಇವರೂ ಮೊದಲು ಆಸ್ಪತ್ರೆಗೆ.

ಕುಡಿತದ ವಿಚಾರದಲ್ಲಿ ಒಂದು ಎಚ್ಚರ. ದಿನವೂ ಹೆಚ್ಚು ಕುಡಿಯುವವರನ್ನು ಹುರಿದುಂಬಿಸಿ ಒಮ್ಮೆಲೇ ಬಿಡಿಸಿದರೆ ಎರಡು ಮೂರು ದಿನಗಳೊಳಗೆ ಕೈನಡುಕ, ಬೆವರು, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಬಿಡಿಸುವುದು ವೈದ್ಯರ ಕಣ್ಣೆದುರು ನಡೆಯಬೇಕು. ಬಿಟ್ಟ ಮೇಲೆ ಸಂಜೆಯ ಹೊತ್ತನ್ನು ತುಂಬಿಸುವುದು ಸಾಮಾಜಿಕ ಚೀಟಿಯ ಕೆಲಸ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿನ ಜೊತೆ ಗಂಡನ ಎದುರು ಇದ್ಯಾವುದನ್ನೂ ಎತ್ತಬಾರದು. 181 ಮಹಿಳಾ ಸಹಾಯವಾಣಿ ಮತ್ತು ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರದ ದಾರಿ ಬೇರೆಯೇ ಇದೆ. ಹಿರಿಯರ ಮೇಲಿನ ದೌರ್ಜನ್ಯಕ್ಕೆ 14567.

ಜೂನ್ ಬರುವ ಮುಂಚೆ

ಮೂರು ತಿಂಗಳಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ ಅಂಕ ನೋಡಬೇಕು. ಅಂಕಕ್ಕಿಂತ ಒಂದು ಸರಳ ಗುರುತು ಹೆಚ್ಚು ನಂಬಿಕೆಯದು: ಕಾರ್ಯಕರ್ತರು ಹೇಳದೆಯೇ, ಜೊತೆಗೆ ಹೋಗದೆಯೇ, ಸತತ ಮೂರು ಸಲ ಹೋಗಿದ್ದಾರೆಯೇ? ಹೋಗಿದ್ದರೆ ಅವರ ಪುಟ ಮುಗಿಸಬಹುದು. ಮುಗಿಸುವುದನ್ನು ಹೇಳಿಯೇ ಮುಗಿಸಬೇಕು, ಫೋನ್ ಎತ್ತದೆ ಜಾರಿಕೊಳ್ಳಬಾರದು. ಬಿಟ್ಟುಹೋದವರ ಲೆಕ್ಕವನ್ನೂ ಕಾರಣವನ್ನೂ ಬರೆಯಬೇಕು. ಯೋಜನೆ ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದು ಆ ಪುಟದಿಂದಲೇ.

ಈ ಜಿಲ್ಲೆಯಲ್ಲಿ ಯೋಜನೆಯ ನಿಜವಾದ ಪರೀಕ್ಷೆ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕರಾವಳಿಯ ಮನೆಗಳಲ್ಲಿ ಸಂಪಾದನೆ ನಿಂತು ಗಂಡಸರೆಲ್ಲ ಮನೆಯಲ್ಲಿರುವ ಈ ಎರಡು ತಿಂಗಳಲ್ಲಿ ಕುಡಿತಕ್ಕೂ ಜಗಳಕ್ಕೂ ಹೊತ್ತು ಸಿಗುತ್ತದೆ. ಘಟ್ಟದ ಮೇಲೆ ಕರೆಂಟು ಹೋದರೆ ಟವರೂ ಹೋಗುತ್ತದೆ, ಹಳ್ಳ ತುಂಬಿದರೆ ಬಸ್ಸೂ ಇಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದಾಗಿತ್ತು. ಅಂದರೆ ಜನಕ್ಕೆ ನೆರವು ಹೆಚ್ಚು ಬೇಕಾದ ತಿಂಗಳುಗಳಲ್ಲೇ ಗುಂಪುಗಳು ನಿಲ್ಲುತ್ತವೆ. ಆದ್ದರಿಂದ ಮೇ ಮುಗಿಯುವುದರೊಳಗೆ ಕೆಲವು ಕೆಲಸ ಆಗಿರಬೇಕು. ಒಂಟಿಯಾಗಿರುವವರ ಪಟ್ಟಿ, ಪ್ರತಿಯೊಬ್ಬರಿಗೂ ನಡೆದು ತಲುಪಬಲ್ಲ ಒಂದು ನೆರೆಮನೆ, ಬಿಪಿ ಸಕ್ಕರೆಯ ಗುಳಿಗೆ ಕನಿಷ್ಠ ಒಂದು ತಿಂಗಳಿನಷ್ಟು ಮುಂಗಡ. ವಾರಕ್ಕೊಮ್ಮೆ ಸೇರುವ ದೊಡ್ಡ ಗುಂಪಿನ ಬದಲು ಒಂದೇ ಕೇರಿಯ ಮೂರು ನಾಲ್ಕು ಮನೆಯವರು ಒಂದು ಜಗುಲಿಯಲ್ಲಿ ಸೇರುವ ಏರ್ಪಾಡು. ತಾಳಮದ್ದಲೆಗೆ ಮಳೆಗಾಲವೇ ಕಾಲವಾದ್ದರಿಂದ ಅದು ನಡೆಯುವ ಮನೆಗಳ ದಿನಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು, ಒಬ್ಬರನ್ನು ಕರೆದೊಯ್ದು ವಾಪಸು ಬಿಡುವ ಜೀಪಿನವರನ್ನೂ. ಫೋನ್ ಸಿಗದ ಕಡೆ ಹಾಲಿನ ಡೇರಿಗೆ ದಿನವೂ ಬರುವವರ ಕೈಯಲ್ಲಿ ಸುದ್ದಿ ಕಳಿಸುವುದು ಎಂದು ಮಾತಾಗಿರಬೇಕು: ಎರಡು ದಿನ ಆ ಮನೆಯಿಂದ ಸುದ್ದಿ ಬಾರದಿದ್ದರೆ ಮೂರನೇ ದಿನ ಬೆಳಿಗ್ಗೆ ಯಾರು ಹೋಗಿ ನೋಡುವುದು ಎಂದು ಹೆಸರು ಹಿಡಿದು.